‘ಎನ್‌ಕ್ವಾಯರಿ ಮಾಡಸೇವಿ’ ಅಂದ್ರ ಏನ್ರಿ?

ಹ್ವಾದ ತಿಂಗಳ ನಮ್ಮ ಓಣಿಯೊಳಗ ಒಂದು ನಿಶ್ಚಯ ಇತ್ತು. ಊಟಕ್ಕ ಕೂತಾಗ ನನ್ನ ಮಗ್ಗಲದಾಗ ಹುಡುಗಿ ಕಡೆಯ ಹಿರಿಯರೊಬ್ಬರು ಕೂತಿದ್ರು. ಬದನಿಕಾಯಿ ಪಲ್ಯ ಹಾಕಿಸ್ಕೋತ ಭಾಳ ಸಮಾಧಾನದಿಂದ ಹೇಳಿದ್ರು, "ಎಲ್ಲಾ ಎನ್‌ಕ್ವಾಯರಿ ಮಾಡಸೇವ್ರಿ. ಹುಡುಗ ಒಳ್ಳೆಯವ ಇದ್ದಾನ."

ನಾನೂ "ಛಲೋ ಆತ್ರಿ" ಅಂದು ಚಿತ್ರಾನ್ನ ಹಾಕಿಸಿಕೊಂಡೆ. ಮನಿಗೆ ಬಂದು ಸೀರಿ ಮಡಚಿ ಇಡುವಾಗ ಆ ಮಾತು ಮತ್ತ ನೆನಪಾತು. ಅವರು "ಮಾಡೇವಿ" ಅನ್ನಲಿಲ್ಲ, "ಮಾಡಸೇವಿ" ಅಂದ್ರು. ನಡುವ ಒಂದು "ಸ" ಬಂದದ ನೋಡ್ರಿ. ಆ "ಸ"ದೊಳಗ ಒಬ್ಬ ಮನಷ್ಯಾ ಕೂತಾನ. ರೊಕ್ಕಾ ತಗೊಂಡು, ಇನ್ನೊಬ್ಬರ ಊರಿಗೆ ಹೋಗಿ, ತಾನು ಯಾರು ಅಂತ ಹೇಳದ, ಬೇಕಾದ್ದೆಲ್ಲಾ ಕೇಳಿಕೊಂಡು ಬಂದವ. ಅವನ ಹೆಸರನ್ನ ಯಾರೂ ಎತ್ತೂದಿಲ್ಲ. ಹೆಸರು ಹೋಗ್ಲಿ, ಅವನ ಕೆಲಸಕ್ಕ ಏನಂತಾರ ಅನ್ನೂದನ್ನೂ ಯಾರೂ ಬಾಯಿಬಿಟ್ಟು ಹೇಳೂದಿಲ್ಲ. ಅವಗ ನಾವು ಏನಂತ ಕರೀಬೇಕು ಅನ್ನೂದು ಸಣ್ಣ ಪ್ರಶ್ನೆ ಅಂತ ನಾನೂ ಮೊದಲ ತಿಳಕೊಂಡಿದ್ದೆ. ಈಗ ಹಂಗ ಅನಸೂದಿಲ್ಲ. ಯಾಕ ಅನ್ನೂದನ್ನ ಹೇಳತೇನಿ.

ನಮ್ಮ ಕಡೆ ಈ ಕೆಲಸಕ್ಕ ಮೊದಲು ಒಂದು ಶಬ್ದ ಇತ್ತು, ಚೌಕಶಿ. ಮರಾಠಿಯೊಳಗೂ ಅದ ಇದು, ಅರ್ಥಾನೂ ಅದೇ, ವಿಚಾರಿಸೂದು. ನಮ್ಮ ವೈನಿ ಮೈಸೂರು ಕಡೆಯವರು. ಅವರು ಮದುವಿಯಾಗಿ ಬಂದ ಹೊಸದರಾಗ ನಮ್ಮಪ್ಪ ಅವರ ಮುಂದ, "ನಿಮ್ಮ ಮನಿತನದ ಬಗ್ಗೆ ನಾವೇನು ಭಾಳ ಚೌಕಶಿ ಮಾಡಲಿಲ್ಲವಾ" ಅಂತ ಪ್ರೀತಿಯಿಂದನ ಅಂದಿದ್ರು. ವೈನಿ ಮಾರಿ ಸಣ್ಣದಾತು. ಅವರ ಕಡೆ ಚೌಕಾಸಿ ಅಂದ್ರ ಸಂತಿಯೊಳಗ ರೇಟು ಇಳಿಸೂದು. "ರೇಟು ಭಾಳ ಇಳಿಸದ ನನ್ನನ್ನ ತಂದ್ರು" ಅಂತ ಅರ್ಥ ಮಾಡಿಕೊಂಡು ರಾತ್ರಿ ಅಣ್ಣನ ಮುಂದ ಅತ್ತಿದ್ರಂತ. ಈಗ ಇಪ್ಪತ್ತೈದು ವರ್ಷ ಆದ್ರೂ ನಮ್ಮನಿಯೊಳಗ ಆ ಮಾತು ಬಂದ್ರ ಎಲ್ಲಾರೂ ನಗತೇವಿ.

ಚೌಕಶಿಗೆ ಒಂದು ರೀತಿ ಇತ್ತು. ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಬಸ್ ಹತ್ತಿ ಆ ಊರಿಗೆ ಹೋಗ್ತಿದ್ದ. ಗುರುತಿನವರ ಮನಿಯೊಳಗ ಕೂತು ಚಹಾ ಕುಡದು, "ನಮ್ಮ ಹುಡುಗಿನ್ನ ಇಂಥವರ ಮನಿಗೆ ಕೊಡಬೇಕಂತ ಮಾಡೇವಿ, ಹ್ಯಾಂಗಿದ್ದಾರ?" ಅಂತ ನೇರ ಕೇಳತಿದ್ದ. ಸಂಜಿ ಆಗೂದರಾಗ ಹುಡುಗನ ಮನಿಗೂ ಸುದ್ದಿ ಹೋಗ್ತಿತ್ತು, "ಧಾರವಾಡದವರು ಬಂದು ಕೇಳಿ ಹ್ವಾದ್ರಂತ." ಕೇಳಿದವರ ಹೆಸರು ಗೊತ್ತು, ಹೇಳಿದವರ ಹೆಸರು ಗೊತ್ತು. ಸುಳ್ಳು ಹೇಳಿದ್ರ ನಾಳೆ ಅದೇ ಬಸ್ ಸ್ಟ್ಯಾಂಡಿನೊಳಗ ಮಾರಿಗೆ ಮಾರಿ ಕೊಡಬೇಕು.

ಇನ್ನ ರೊಕ್ಕಾ ಕೊಟ್ಟು ಮಾಡಿಸೂ ಕೆಲಸದ ಶಬ್ದಗಳನ್ನ ನೋಡೋಣು.

ಪತ್ತೇದಾರ ಅನ್ನೂದು ನನಗ ಭಾಳ ಸೇರೂ ಶಬ್ದ. "ಪತ್ತೆ" ನಮ್ಮ ದಿನಾ ಮಾತಿನ ಶಬ್ದ. ಭಾಳ ದಿನದ ಮ್ಯಾಲೆ ಸಿಕ್ಕವರಿಗೆ "ಏನ್ರಿ, ಪತ್ತೇನ ಇಲ್ಲ!" ಅಂತೇವಿ. ಎಮ್ಮಿ ಕಳದ್ರ ಪತ್ತೆ, ಕಿವಿ ಬೆಂಡೋಲಿ ಬಿದ್ರ ಪತ್ತೆ, ಮನಿ ವಿಳಾಸಕ್ಕ ಪತ್ತಾ. ಹಿಂದಿನ "ದಾರ" ಪಾರ್ಸಿಯಿಂದ ಬಂದದ್ದು, ಜಮೀನ್ದಾರ, ಹವಾಲ್ದಾರ, ಪಾಲುದಾರ ಇದ್ದಂಗ, ಅದನ್ನ ಹಿಡದವ ಅಂತ. ಅಂದ್ರ ಪತ್ತೇದಾರ ಅಂದ್ರ ಕಳಕೊಂಡದ್ದರ ಎಳಿ ಹಿಡದವ. ಶಬ್ದದೊಳಗ ಕಪಟ ಇಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ನಮ್ಮ ಕಾಕಾ ಬಾಡಿಗಿ ಲೈಬ್ರರಿಯಿಂದ ತರ್ತಿದ್ದ. ಅಭ್ಯಾಸದ ಪುಸ್ತಕದೊಳಗ ಇಟಗೊಂಡು ನಾವು ಮೂರು ಮಂದಿ ಪಾಳಿ ಹಚ್ಚಿ ಓದಿದ್ದೇವಿ. ಅವರ ಪುರುಷೋತ್ತಮ ಕಳ್ಳರ ಬೆನ್ನ ಹತ್ತತಿದ್ದ, ವರಗಳ ಬೆನ್ನ ಹತ್ತತಿದ್ದಿಲ್ಲ.

ಗೂಢಚಾರ, ಗುಪ್ತಚರ ಬ್ಯಾರೆ ಜಾತಿ ಶಬ್ದ. "ಚರ" ಅಂದ್ರ ನಡಿಯೂದು, ತಿರುಗೂದು. ಮುಚ್ಚಿಕೊಂಡು ತಿರುಗುವವ ಗೂಢಚಾರ. ಇಲ್ಲೆ ಏನು ಹುಡುಕತಾನ ಅನ್ನೂದು ಶಬ್ದದೊಳಗ ಇಲ್ಲ, ತನ್ನನ್ನ ತಾನು ಮುಚ್ಚಿಕೊಂಡಾನ ಅನ್ನೂದಷ್ಟ ಅದ. ಇದು ರಾಜರ ಶಬ್ದ. ಮೈಸೂರಿನ ಓರಿಯಂಟಲ್ ಲೈಬ್ರರಿಯೊಳಗ ಆರ್. ಶಾಮಾಶಾಸ್ತ್ರಿಗಳಿಗೆ ತಾಳೆಗರಿಯೊಳಗ ಸಿಕ್ಕು 1909ರೊಳಗ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಾಗ ಗೂಢಪುರುಷರದ ಒಂದು ಪಟ್ಟೀನ ಅದ. ವಿದ್ಯಾರ್ಥಿ ವೇಷದವ, ಒಕ್ಕಲಿಗನ ವೇಷದವ, ವ್ಯಾಪಾರಿ ವೇಷದವ, ತಪಸ್ವಿ ವೇಷದವ. ಅದರಾಗ ಒಬ್ಬಾಕಿ ಸನ್ಯಾಸಿನೀನೂ ಇದ್ದಾಳ. ಅಕಿ ದೊಡ್ಡವರ ಮನಿ ಒಳಗಿನ ತನಕಾ ಹೋಗಿ ಬರಾಕಿ. ಗಂಡಸರಿಗೆ ಹೋಗ್ಲಿಕ್ಕೆ ಬರದ ಒಳಮನಿಗೆ ಹೋಗ್ಲಿಕ್ಕೆ ಎಂಥವರು ಬೇಕು ಅಂತ ಕೌಟಿಲ್ಯಗ ಅಷ್ಟು ಹಿಂದನ ಗೊತ್ತಿತ್ತು.

ಬೇಹು ಅನ್ನೂದು ಅಚ್ಚ ದೇಸಿ ಶಬ್ದ. ತೆಲುಗಿನೊಳಗ ವೇಗು, ತಮಿಳಿನೊಳಗ ವೇವು ಅಂತ ಅದರ ಅಕ್ಕತಂಗಿಯರು ಇದ್ದಾರ. ಈಗ ಪೇಪರಿನೊಳಗ ಬೇಹುಗಾರಿಕೆ ಅಂತ ಬಂದ್ರ ಗಡಿಯಾಚೆಯ ದೇಶದ ಸುದ್ದೀನ ಇರತದ. ಮನಿ ಮಾತಿನೊಳಗ ಈ ಶಬ್ದ ಉಳದಿಲ್ಲ. ಉಳೀಬೇಕಾಗಿತ್ತು ಅಂತ ನನಗ ಅನಸ್ತದ.

ಆಡುಮಾತಿನಾಗ ಗೆದ್ದದ್ದು ಮಾತ್ರ ಸಿಐಡಿ. ಅದು ಪೊಲೀಸರ ಒಂದು ಇಲಾಖೆ, ಖಾಸಗಿಯವರಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಆದ್ರ 1968ರೊಳಗ ‘ಜೇಡರ ಬಲೆ’ ಸಿನೆಮಾದಾಗ ರಾಜಕುಮಾರ್ ಸಿಐಡಿ 999 ಆದಮ್ಯಾಲೆ ಹಣಿಕಿ ಹಾಕವರೆಲ್ಲಾ ನಮ್ಮ ಬಾಯಾಗ ಸಿಐಡಿಗಳಾದ್ರು. "ಅಕಿ ಮುಂದ ಮಾತಾಡಬ್ಯಾಡ, ದೊಡ್ಡ ಸಿಐಡಿ ಇದ್ದಾಳ" ಅಂತ ನಮ್ಮ ಓಣಿಯೊಳಗ ಯಾರ ಬಗ್ಗೆ ಅಂತಾರ ಅನ್ನೂದನ್ನ ನಾ ಹೇಳೂದಿಲ್ಲ.

ಬಾಜೂ ಮನಿಯವರ ಶಬ್ದಾನೂ ನೋಡ್ರಿ. ತಮಿಳಿನವರು ತುಪ್ಪು, ಅಂದ್ರ ಸುಳಿವು, ಅದನ್ನ ಅರಿಯುವವ ಅಂತಾರ. ಮಲಯಾಳದವರು ಕುಟ್ಟಾನ್ವೇಷಕ, ಅಂದ್ರ ಕುತ್ತ, ತಪ್ಪು ಹುಡುಕವ ಅಂತಾರ. ತೆಲುಗಿನವರು ಅಪರಾಧ ಪರಿಶೋಧಕ ಅಂತಾರ. ಬಂಗಾಲದ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶಗ ಡಿಟೆಕ್ಟಿವ್ ಅನ್ನಿಸಿಕೊಳ್ಳೂದು ಸೇರತಿದ್ದಿಲ್ಲ, ಗೋಯೆಂದಾ ಅಂದ್ರೂ ಸೇರತಿದ್ದಿಲ್ಲ. ತನ್ನನ್ನ ಸತ್ಯಾನ್ವೇಷಿ ಅಂತ ಕರ್ಕೊಂಡ. ಇವೆಲ್ಲಾದರೊಳಗ ಒಂದು ಮಾತು ಕೂಡೇ ಅದ. ಮೊದಲು ಒಂದು ತಪ್ಪು ಆಗಿರಬೇಕು, ಇಲ್ಲಾ ಏನರೆ ಕಳದಿರಬೇಕು. ಆಮ್ಯಾಲೆ ಹುಡುಕವ ಬರತಾನ. ಮದುವಿಗೆ ನೋಡಿದ ಹುಡುಗ ಏನು ತಪ್ಪು ಮಾಡ್ಯಾನ್ರಿ? ಅವನ ಅವ್ವ ಏನು ಕಳವು ಮಾಡ್ಯಾಳ?

ಇಂಗ್ಲಿಷಿನ ಡಿಟೆಕ್ಟಿವ್ ಶಬ್ದದ ಬುಡ ಲ್ಯಾಟಿನ್ ಭಾಷಾದಾಗ ಅದ. ಮುಚ್ಚಿದ್ದನ್ನ ತಗಿಯೂದು ಅಂತ ಅರ್ಥ. ಮನಿ ಮ್ಯಾಳಗಿಗೆ ಲ್ಯಾಟಿನ್ನಿನಾಗ ಇರೂ ಶಬ್ದಾನೂ ಅದೇ ಬುಡದ್ದು. ಇದನ್ನ ಓದಿದಾಗ ನನಗ ನಮ್ಮ ಹಳೇ ಮನಿ ನೆನಪಾತು.

ನಮ್ಮೂರಾಗ ಮಣ್ಣಿನ ಮ್ಯಾಳಗಿ ಮನಿಗಳು. ಒಂದಕ್ಕೊಂದು ಹತ್ತಿಕೊಂಡು ಇದ್ದುವು. ಬ್ಯಾಸಗಿಯೊಳಗ ಶಂಡಿಗಿ ಕಾಯಲಿಕ್ಕೆ ನಮ್ಮನ್ನ ಮ್ಯಾಲೆ ಕೂಡಸ್ತಿದ್ರು. ಒಂದಿನ ನಾ ಬಾಜೂ ಮನಿ ಬೆಳಕಿಂಡಿಗೆ ಕಣ್ಣು ಹಚ್ಚಿ ನೋಡಿದೆ. ಒಲಿ ಮುಂದ ಬಾಜೂಮನಿ ಕಾಕು ಒಬ್ಬಾಕೀನ ಕೂತು ಅಳತಿದ್ಲು. ಓಡಿ ಬಂದು ಅಜ್ಜಿ ಮುಂದ ಹೇಳಲಿಕ್ಕೆ ಬಾಯಿ ತಗದೆ. ಅಜ್ಜಿ ಪೂರಾ ಕೇಳಲೇ ಇಲ್ಲ. "ಬೆಳಕಿಂಡಿ ಬೆಳಕು ಬರಲಿಕ್ಕೆ ಇರತದ, ನಿನ್ನ ಕಣ್ಣು ಹೋಗಲಿಕ್ಕಲ್ಲ" ಅಂತ ಬೈದ್ಲು. ಸ್ವಲ್ಪ ಹೊತ್ತಿನ ಮ್ಯಾಲೆ ಒಂದು ಬಟ್ಟಲದಾಗ ಸಾರು ಹಾಕಿ, ಸೆರಗು ಸರಿ ಮಾಡಿಕೊಂಡು, ತಾನ ಮುಂದಿನ ಬಾಗಲದಿಂದ ಅವರ ಮನಿಗೆ ಹ್ವಾದ್ಲು. ಭಾಳ ಹೊತ್ತು ಕೂತು ಬಂದ್ಲು. ಏನು ಮಾತಾಡಿದ್ಲು ಅಂತ ಸಾಯೂತನಕಾ ಹೇಳಲಿಲ್ಲ.

ಇಷ್ಟೆಲ್ಲಾ ಹೇಳೂ ನಾನೇನು ತಪ್ಪು ಮಾಡದಾಕಿ ಅಲ್ಲ. ಮೂರು ವರ್ಷದ ಹಿಂದ ನಮ್ಮಕ್ಕನ ಮಗಳಿಗೆ ಒಂದು ಸಂಬಂಧ ಬಂತು. ದೂರದ ಊರು, ಗುರುತಿನವರು ಯಾರೂ ಇಲ್ಲ. ಅಕ್ಕ ಫೋನ್ ಮಾಡಿ, "ಯಾರರೆ ಎನ್‌ಕ್ವಾಯರಿ ಮಾಡಿಕೊಡವರು ಇದ್ರ ನೋಡ" ಅಂದ್ಲು. ಪೇಪರಿನ ಸಣ್ಣ ಜಾಹೀರಾತಿನಾಗ ನಂಬರ್ ಹುಡುಕಿ ಕೊಟ್ಟಾಕಿ ನಾನ. ಹದಿನೈದು ದಿನಕ್ಕ ವರದಿ ಬಂತು. ತಂದು ಕೊಟ್ಟ ಮನಷ್ಯಾ ಸಾದಾ ಮನಷ್ಯಾ, ಹೆಗಲಿಗೆ ಒಂದು ಚೀಲ. ಅವಲಕ್ಕಿ ಕೊಟ್ಟೆ, ತಿಂದ್ರು. ತಮಗೂ ಇಬ್ಬರು ಹೆಣ್ಣುಮಕ್ಕಳು ಅಂದ್ರು. "ಹ್ಯಾಂಗ ಕೇಳತೀರಿ ಇದನ್ನೆಲ್ಲಾ?" ಅಂದೆ. "ಬಾಡಿಗಿ ಮನಿ ಹುಡುಕವರಂಗ ಹೋಗಿದ್ದೆ ಅಕ್ಕಾರ. ಹುಡುಗನ ಅವ್ವನ ಗೆಳತಿ ಮನಿಯೊಳಗ ಕೂತು ಚಹಾ ಕುಡದೆ. ಚಹಾ ಕುಡಿದಿದ್ರ ಮಾತು ಬರೂದಿಲ್ಲ" ಅಂದ್ರು. ಅವರು ಕೊಟ್ಟ ಕಾರ್ಡಿನ ಮ್ಯಾಲೆ ಪತ್ತೇದಾರ ಅಂತನೂ ಇದ್ದಿಲ್ಲ, ಡಿಟೆಕ್ಟಿವ್ ಅಂತನೂ ಇದ್ದಿಲ್ಲ, ಬರೇ "ಸರ್ವಿಸಸ್" ಅಂತಿತ್ತು. "ಮನಿಯೊಳಗ ನಿಮ್ಮ ಕೆಲಸಕ್ಕ ಏನಂತಾರ್ರಿ?" ಅಂತ ಕೇಳಿದ್ದಕ್ಕ ನಕ್ಕು, "ಮಾರ್ಕೆಟಿಂಗ್ ಅಂತ ಹೇಳೇನಿ" ಅಂದ್ರು.

ಆಮ್ಯಾಲೆ ಗೊತ್ತಾತು, ಇದು ಹಳೇ ಚಾಳಿ ಅಂತ. ಪ್ಯಾರಿಸಿನೊಳಗ 1833ರಾಗ ವಿದೋಕ್ ಅನ್ನವ ಖಾಸಗಿ ಪತ್ತೇದಾರಿ ಕಚೇರಿ ತಗದ. ಮೊದಲು ಜೈಲು ಕಂಡವ, ಆಮ್ಯಾಲೆ ಪೊಲೀಸರ ಜೋಡಿ ಕೆಲಸಾ ಮಾಡಿದವ. ಇಂಥಾ ಕಚೇರಿಗಳೊಳಗ ಮೊದಲನೇ ಸಾಲಿನದು ಅದು. ಅವನೂ ಬೋರ್ಡಿನ ಮ್ಯಾಲೆ ಬರಸಿದ್ದು "ಮಾಹಿತಿ ಕಚೇರಿ" ಅಂತನ. ಅಮೆರಿಕಾದ ಪಿಂಕರ್ಟನ್ ಮಾತ್ರ ಸ್ವಲ್ಪ ನೇರ ಮನಷ್ಯಾ. 1850ರ ಸುಮಾರಿಗೆ ಶಿಕಾಗೋದಾಗ ಶುರುಮಾಡಿದ ಕಂಪನಿಗೆ ತೆರೆದ ಕಣ್ಣಿನ ಗುರುತು ಇಟ್ಟ. ಖಾಸಗಿ ಪತ್ತೇದಾರರಿಗೆ ಇಂಗ್ಲಿಷಿನೊಳಗ ‘ಪ್ರೈವೇಟ್ ಐ’ ಅನ್ನೂ ಹೆಸರು ಬೆಳಿಯಲಿಕ್ಕೆ ಆ ಕಣ್ಣೂ ಒಂದು ಕಾರಣ ಅಂತಾರ. ಕಣ್ಣು ಅಂದ್ರ ಕಣ್ಣು ಅಂತ ಒಪ್ಪಿಕೊಂಡಂಗಾತಲ್ಲ!

ವರದಿ 18 ಪುಟ ಇತ್ತು. ಹುಡುಗನ ಪಗಾರ, ಮನಿ ಸಾಲ, ಗೆಳ್ಯಾರು, ಎಲ್ಲಾ ಸರಿ ಇತ್ತು. ಕಡೀಕ ಒಂದು ಪುಟ ಹುಡುಗನ ಅವ್ವನ ಬಗ್ಗೆ ಇತ್ತು. ಭಾಳ ಹಳೇ ಸಂಗತಿ, ಅಕಿಯ ಕಷ್ಟದ ಕಾಲದ್ದು. ಅದೇನು ಅಂತ ನಾ ಇಲ್ಲೆ ಬರಿಯೂದಿಲ್ಲ. ಬರದ್ರ ನಾನೂ ಅದೇ ಕೆಲಸಾ ಮತ್ತೊಮ್ಮೆ ಮಾಡಿದಂಗ. ನಾವು ಅದನ್ನ ಕೇಳಿರಲಿಲ್ಲ, ನಮಗ ಬೇಕೂ ಇದ್ದಿಲ್ಲ. ಅಕ್ಕ ಓದಿ, "ಈಗ ಆರಾಮ ಇದ್ದಾರಲ್ಲ, ಬಿಡು" ಅಂದ್ಲು. ಮದುವಿ ಆತು. ಎಲ್ಲಾರೂ ಛಲೋ ಇದ್ದಾರ.

ಆದ್ರ ಹುಡುಗೀನೂ ಆ ಪುಟ ಓದಿದ್ಲು.

ಮದುವಿಯಾಗಿ ಒಂದು ವರ್ಷಕ್ಕ ಒಂದಿನ ಮಧ್ಯಾಹ್ನ ಅತ್ತಿ-ಸೊಸಿ ಕೂತು ಮೆಂತ್ಯೆಪಲ್ಯ ಸೋಸುವಾಗ ಅತ್ತಿ ತಾವಾಗೇ ಆ ಸಂಗತಿ ತಗದ್ರಂತ. "ನಿನ್ನ ಮುಂದ ಹೇಳಬೇಕು ಅನಸ್ತದವಾ. ನನ್ನ ಮಗಗೂ ಪೂರಾ ಗೊತ್ತಿಲ್ಲ" ಅಂತ. ಅರ್ಧ ತಾಸು ಹೇಳಿದ್ರಂತ. ಅಕಿ ನನ್ನ ಮುಂದ ಇದನ್ನ ಹೇಳಿ ಅತ್ತಳು. "ಮೌಶಿ, ನನಗ ಎಲ್ಲಾ ಗೊತ್ತಿತ್ತು. ಗೊತ್ತಿಲ್ಲದವರಂಗ ಮಾರಿ ಮಾಡಿದೆ. ಅವರು ಅಷ್ಟು ಧೈರ್ಯಾ ಮಾಡಿ ಹೇಳಿದ್ರು, ನಾ ನಾಟಕ ಮಾಡಿದೆ. ಈಗ ಗೊತ್ತಿತ್ತು ಅಂತ ಹೇಳಲಿಕ್ಕೂ ಆಗೂದಿಲ್ಲ."

ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಆ ನಂಬರ್ ಕೊಟ್ಟಾಕಿ ನಾನ. ಅಕಿನ್ನ ಕೇಳೇ ಇಷ್ಟು ಬರದೇನಿ.

ಆ ದಿನದಿಂದ ನಾ ಯೋಚನಿ ಮಾಡೂದು ಒಂದ. ಅಕ್ಕ ಫೋನಿನೊಳಗ "ಎನ್‌ಕ್ವಾಯರಿ" ಅನ್ನದ, "ಅವರ ಮನಿಗೆ ಬೇಹಿನವನ್ನ ಕಳಸೋಣು" ಅಂದಿದ್ರ ನಾ ನಂಬರ್ ಕೊಡತಿದ್ದೆನೇನು? ಅಕ್ಕರೆ ಆ ಮಾತು ಆಡತಿದ್ಲೇನು? ಎನ್‌ಕ್ವಾಯರಿ ಅನ್ನೂದು ರೈಲ್ವೆ ಸ್ಟೇಷನ್ನಿನ ಕಿಡಕಿ ಶಬ್ದ. ರೈಲು ಎಷ್ಟೊತ್ತಿಗೆ ಅಂತ ಕೇಳಿದಷ್ಟು ಹಗುರ. ಆ ಹಗುರ ಶಬ್ದದೊಳಗ ಈ ಭಾರ ಕೆಲಸಾನ ಸುತ್ತಿ ಕೊಟ್ಟೇವಿ, ಹಂಗಾಗಿ ಯಾರಿಗೂ ತೂಕ ಗೊತ್ತಾಗಲಿಲ್ಲ.

ಅಕ್ಕ ಕೇಳೂದೂ ಸುಳ್ಳಲ್ಲ. "ಹುಡುಗಿ ಜೀವನದ ಪ್ರಶ್ನೆ. ಈಗ ಯಾರ ಮನಿ ಯಾರಿಗೆ ಗೊತ್ತದ? ನಿನ್ನ ಅಪ್ಪನಂಗ ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲೆ ಹೋಗಿ ಕೂಡಲಿ? ಅಪಾರ್ಟ್‌ಮೆಂಟಿನೊಳಗ ಬಾಗಲಾ ತಗಿಯವರ ಇಲ್ಲ." ಖರೇ ಅದ. ಹೊರದೇಶದಾಗ ಒಂದು ಸಂಸಾರ ಇಟ್ಟುಕೊಂಡು ಇಲ್ಲೆ ಬಂದು ಮತ್ತ ತಾಳಿ ಕಟ್ಟಿದವರ ಸುದ್ದಿ ಪೇಪರಿನಾಗ ಓದೇವಿ. ಕೆಲಸಾ ಇಲ್ಲದ ಇದೆ ಅಂದವರು, ಓದದ ಓದೀನಿ ಅಂದವರು ಇದ್ದಾರ. ಅಂಥಾದಕ್ಕ ಪತ್ತೇದಾರ ಬೇಕು. ಮನಿ ಬಿಟ್ಟು ಹ್ವಾದ ಹುಡುಗನ್ನ ಹುಡುಕಲಿಕ್ಕೆ ಬೇಕು. ಮೋಸಾ ಮಾಡಿ ರೊಕ್ಕಾ ನುಂಗಿ ಓಡಿಹ್ವಾದವನ್ನ ಹುಡುಕಲಿಕ್ಕೂ ಬೇಕು. ಅದು ಮರ್ಯಾದಿ ಕೆಲಸ, ಮಾಡವರು ಕಾರ್ಡಿನ ಮ್ಯಾಲೆ ಎದಿತಟ್ಟಿ ಪತ್ತೇದಾರ ಅಂತ ಬರಸ್ಕೋಬೇಕು.

ಹಳೇ ಚೌಕಶಿ ಬಂಗಾರ ಇತ್ತು ಅಂತನೂ ನಾ ಹೇಳೂದಿಲ್ಲ. ಆಗೂ ಹೆಸರಿಲ್ಲದ ಪತ್ರ ಬರತಿದ್ದುವು. "ನಿಮ್ಮ ಹಿತೈಷಿ" ಅಂತ ಸಹಿ ಮಾಡಿದ ಒಂದು ಕಾರ್ಡಿನಿಂದ ನಮ್ಮ ಸೋದರತ್ತಿ ಮದುವಿ ಮುರದಿತ್ತು. ಅದರ ಮ್ಯಾಲೆ ಅಕಿ ಮದುವೀನ ಆಗಲಿಲ್ಲ. ಆ ಹಿತೈಷಿನೂ ಬೆಳಕಿಂಡಿಯವನ, ಬಾಗಲದವ ಅಲ್ಲ. ಕಾಲ ಹಳೇದೋ ಹೊಸದೋ ಅನ್ನೂದು ಮುಖ್ಯ ಅಲ್ಲ, ಕೇಳವ ತನ್ನ ಹೆಸರು ಹೇಳತಾನೋ ಇಲ್ಲೋ ಅನ್ನೂದು ಮುಖ್ಯ.

ಕಾಯ್ದೆ ಏನಂತದ ಅಂತ ಕೇಳತೀರೇನು? ನಮ್ಮ ಅಪಾರ್ಟ್‌ಮೆಂಟಿನ ಗೇಟಿನಾಗ ಕೂಡೂ ವಾಚ್‌ಮನ್ ಕಳಸೂ ಕಂಪನಿಗೆ 2005ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಗೇಟು ದಾಟಿ ಒಳಗಿನ ಗುಟ್ಟು ತರವರಿಗೆ ಅಂಥಾದೊಂದು ಕಾಯ್ದೆ ಇಲ್ಲ. ಖಾಸಗಿ ಪತ್ತೇದಾರಿ ಸಂಸ್ಥೆಗಳ ನಿಯಂತ್ರಣಕ್ಕ 2007ರೊಳಗ ರಾಜ್ಯಸಭಾದಾಗ ಒಂದು ಮಸೂದೆ ಬಂತು, ಕಾಯ್ದೆ ಆಗಲಿಲ್ಲ. ಹಂಗಂತ ಏನು ಬೇಕಾದ್ದು ಮಾಡಲಿಕ್ಕೆ ಬರೂದಿಲ್ಲ. ಇನ್ನೊಬ್ಬರ ಫೋನ್ ಕರೆಗಳ ಪಟ್ಟಿ ಕದ್ದು ತರೂದು ಅಪರಾಧ, ಅದಕ್ಕ ಖಾಸಗಿ ಪತ್ತೇದಾರರು ಜೈಲಿಗೆ ಹೋಗ್ಯಾರ. 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ರು. ಆ ಖಟ್ಲೆ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ್ಯಾಗ ಅದ. ಅದು ಸರಕಾರದ ಜೋಡಿ ನಡದ ವ್ಯಾಜ್ಯ, ಬೀಗರ ಜೋಡಿ ಅಲ್ಲ. ಆದ್ರ ಸರಕಾರಕ್ಕೇ ಹಣಿಕಿ ಹಾಕಬ್ಯಾಡ ಅಂತ ಹೇಳೂ ನಾವು, ನಾಳೆ ಬೀಗರಾಗವರ ಮನಿಗೆ ಹಣಿಕಿ ಹಾಕೂದು ಹ್ಯಾಂಗ ಸರಿ?

ಹಂಗಾಗಿ ನಾ ಕೇಳಿಕೊಳ್ಳೂದು ಇಷ್ಟ. ಕೆಲಸಾ ಬಿಡ್ರಿ ಅಂತ ಅಲ್ಲ, ಶಬ್ದ ಖರೇ ಹೇಳ್ರಿ ಅಂತ. ನಾವ ಹೋಗಿ, ಹೆಸರು ಹೇಳಿ ಕೇಳಿದ್ರ ಅದು ಚೌಕಶಿ. ಅವರಿಗೆ ತಿಳಿಸಿ ಓದು, ನೌಕರಿ, ಹಿಂದಿನ ಮದುವಿಯ ಕಾಗದಪತ್ರ ನೋಡಿದ್ರ ಅದು ತಪಾಸಣಿ. ತಪಾಸಣಿ ಎರಡೂ ಕಡೆಯವರು ಮಾಡಲಿ, ಅದರಾಗ ನಾಚಿಕಿ ಏನದ? ಮೋಸದ ಸಂಶಯ ಬಂದು, ಆ ಒಂದು ಸಂಶಯದ ಎಳಿ ಹಿಡದು ಹೋಗೂದಕ್ಕ ಪತ್ತೇದಾರಿ ಅನ್ರಿ. ವೇಷಾ ಹಾಕ್ಕೊಂಡು, ಅವರ ಮನಿ ಚಹಾ ಕುಡದು, ಕೇಳದ ಇದ್ದದ್ದನ್ನೂ ತಂದು ಕೊಡೂದಕ್ಕ ಬೇಹು ಅನ್ರಿ. ಆ ಶಬ್ದಾನ ನಾಕು ಮಂದಿ ಮುಂದ ಅನ್ನಲಿಕ್ಕೆ ಬಾಯಿ ಬರಲಿಲ್ಲ ಅಂದ್ರ, ಆ ಕೆಲಸಕ್ಕ ರೊಕ್ಕಾನೂ ಕೊಡಬ್ಯಾಡ್ರಿ.

ಇದನ್ನೆಲ್ಲಾ ಅಕ್ಕನ ಮುಂದ ಹೇಳಿದ್ದೆ. ಆವತ್ತು ಅಕಿ ಸಿಟ್ಟಿಲೆ ಫೋನ್ ಇಟ್ಟಿದ್ಲು. ಈಗ ಸಣ್ಣ ಮಗಳಿಗೆ ಬೆಳಗಾವಿ ಕಡೆಯದೊಂದು ಸಂಬಂಧ ಬಂದದ. ನಿನ್ನೆ ಮತ್ತ ಫೋನ್ ಬಂತು. "ನಿನ್ನ ಶಬ್ದಾ-ಗಿಬ್ದಾ ನನಗ ಗೊತ್ತಾಗೂದಿಲ್ಲ. ರವಿವಾರ ಮುಂಜಾನಿ ಬಸ್ಸಿಗೆ ಬರತೀ ಏನು? ಇಬ್ಬರೂ ಹೋಗಿ ಅವರ ಮನಿ ಬಾಗಲಾ ಬಡದ ಕೇಳೋಣು" ಅಂದ್ಲು.

ಹೊಂಟೇನ್ರಿ. ಬುತ್ತಿಗೆ ಚಪಾತಿ ಮಾಡಿಕೋಬೇಕು.